ಬೆನ್ನು ತಿರುಗಿಸಿದ ತಂಡ

ಹದಿಮೂರು ವರ್ಷಗಳಿಂದ ಅವರ ಕಾಮಿಕ್ಸ್ ಹೀಗೇ ಹುಟ್ಟುತ್ತಿತ್ತು. ಮೊದಲು ಅವನು ಮುಖಪುಟದ ಚಿತ್ರ ಬರೆಯುತ್ತಿದ್ದ. ಸೂಪರ್‌ಹೀರೋಗಳ ಹೊಸ ತಂಡದಲ್ಲಿ ಯಾರ್ಯಾರಿದ್ದಾರೆಂದು ಅದನ್ನು ನೋಡಿಯೇ ಊಹಿಸಿ ಅವಳು ಕಥೆ ಕಟ್ಟುತ್ತಿದ್ದಳು.

ಈ ಸಲದ ಮುಖಪುಟದಲ್ಲಿ ಹೀರೋಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದರು.

"ಒಬ್ಬರನ್ನ ಕೈಬಿಟ್ಟಿದೀನಿ," ಎಂದ ಅವನು, ಟೀ ಲೋಟ ನೋಡುತ್ತ.

"ಸಿಡಿಲಮ್ಮನ್ನ ಬಿಟ್ಟಿದ್ರೆ ನಾನು ಬರಿಯೋದೇ ಇಲ್ಲ, ನೋಡು."

ಅವಳು ಮೊದಲು ಸಿಡಿಲಮ್ಮನ ಜಡೆ ಹುಡುಕಿದಳು. ಸಿಕ್ಕಿತು. ಆಮೇಲೆ ಗಾಳಿರಾಯನ ಹರಿದ ಮೇಲಂಗಿ, ಅವಳಿ ಅಣ್ಣತಮ್ಮಂದಿರ ಕೆಂಪು ಬೂಟುಗಳೂ ಸಿಕ್ಕವು.

"ಹಳೇ ನಾಲ್ಕೂ ಜನ ಇದಾರಲ್ಲೋ. ಬಿಟ್ಟಿದ್ದು ಯಾರನ್ನ?"

"ಕೆಳಗೆ ನೋಡು."

ಮುಖಪುಟದ ಅಡಿಯಲ್ಲಿ 'ಚಿತ್ರ' ಎಂದಿದ್ದ ಕಡೆ ಅವನ ಹೆಸರಿತ್ತು. 'ಕಥೆ' ಎಂದಿದ್ದ ಕಡೆಯೂ ಅವನದೇ ಇತ್ತು.