ಕುದುರೆಯ ಕುಂಟು

"ಈ ಕುದುರೆ ಕಥೆ ಮುಗೀತು ಕಣೋ. ಮೊದಲ ಹಿಮ ಬಿದ್ದ ಕೂಡಲೆ ಚಳಿಗಾಲದ ಮಾಂಸಕ್ಕೆ ಕೊಯ್ದುಬಿಡೋಣ" ಎಂದ ಎಸೆನ್‌ಕುಲ್, ತನ್ನ ಕುದುರೆಯಿಂದ ಇಳಿಯದೆಯೇ.

ತಮ್ಮ ಮೊಲ್ದಾಲಿಯ ಕೈ ಬೂರುಲ್‌ನ ಕುತ್ತಿಗೆ ಸವರುತ್ತಿದ್ದದ್ದು ಅಲ್ಲೇ ನಿಂತುಹೋಯಿತು. ಬೂದುಗೆಂಪು ಬಣ್ಣದ ಬೂರುಲ್, ಮರಿಯಾಗಿದ್ದಾಗ ತಾಯಿ ಸತ್ತು, ಇದೇ ಕೈಯಲ್ಲಿ ಹಾಲು ಕುಡಿದು ಬೆಳೆದ ಕುದುರೆ. ಅದಕ್ಕೆ ಕುಂಟೂ ಇರಲಿಲ್ಲ, ರೋಗವೂ ಇರಲಿಲ್ಲ. ಅದು ಮೊಲ್ದಾಲಿಗೆ ಮಾತ್ರ ಗೊತ್ತಿತ್ತು.

ನೋವಿದ್ದದ್ದು ಅವನಿಗೆ. ಹೋದ ವರ್ಷ ಹಿಮ ಕರಗುವ ಹೊತ್ತಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಗಿತ್ತು. ಒಳಗೊಂದು ಬಲೆ ಇಟ್ಟು ಹೊಲಿದಿದ್ದೇವೆ, ಇನ್ನು ಭಯವಿಲ್ಲ ಎಂದಿದ್ದರು ಡಾಕ್ಟರು. ಗಾಯ ಮಾಗಿತು. ನೋವು ಮಾತ್ರ ಹೋಗಲಿಲ್ಲ. ಎಡ ತೊಡೆಸಂದಿನಲ್ಲಿ, ಮೀನು ಬಿತ್ತೇನೋ ಎಂದು ಯಾರೋ ಆ ಬಲೆಯನ್ನು ಮೆಲ್ಲಗೆ ಜಗ್ಗಿ ಜಗ್ಗಿ ನೋಡಿದ ಹಾಗೆ. ಜೀನಿನ ಮೇಲೆ ಕಾಲು ಹಾಕಿದರಂತೂ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ತಮ್ಮ ಗೆದ್ದು ಬಂದನೆಂದು ಎಸೆನ್‌ಕುಲ್ ಕುರಿ ಕೊಯ್ದು ಇಡೀ ಕಣಿವೆಗೆ ಊಟ ಹಾಕಿದ್ದ. ಹರಸಿ ಉಂಡುಹೋದವರಿಗೆ, ಇನ್ನೂ ನೋಯುತ್ತಿದೆ ಎನ್ನುವುದು ಹೇಗೆ? ಅದೂ ಅಂಥ ಜಾಗದಲ್ಲಿ.

ಹಾಗಾಗಿ ಈ ಬೇಸಿಗೆಯೆಲ್ಲ ಅವನು ಲಗಾಮು ಹಿಡಿದು ಕುದುರೆಯ ಪಕ್ಕದಲ್ಲಿ ನಡೆದೇ ಕುರಿ ಕಾದ. ಆ ಬೆಟ್ಟಗಳಲ್ಲಿ ಗಟ್ಟಿ ಕುದುರೆ ಇಟ್ಟುಕೊಂಡು ನಡೆಯುವ ಗಂಡಸಿಲ್ಲ. ಅಲ್ಲಿ ಜನ ಮೊದಲು ಕುದುರೆಯನ್ನು ನೋಡುತ್ತಾರೆ, ಆಮೇಲೆ ಮನುಷ್ಯನನ್ನು. "ಏನು, ಕುದುರೆ ಕುಂಟೇ?" ಎಂದು ದಾರಿಯಲ್ಲಿ ಯಾರೋ ಕೇಳಿದರು. ಇವನು "ಹೂಂ" ಎಂದುಬಿಟ್ಟ. ಆ ಒಂದು "ಹೂಂ" ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಇವತ್ತು ಅಣ್ಣನ ಬಾಯಲ್ಲಿ ಚೂರಿಯಾಗಿ ವಾಪಸು ಬಂದಿತ್ತು.

"ಅದಕ್ಕೆ ಕುಂಟಿಲ್ಲಣ್ಣ."

"ಮತ್ತೆ ನೀನ್ಯಾಕೆ ನಡೀತೀಯ? ಜೀನಿನಲ್ಲಿ ಮುಳ್ಳು ಎದ್ದಿದೆಯಾ?"

ಎಸೆನ್‌ಕುಲ್ ಗೊಣಗುತ್ತ ಇಳಿದ. ನಾಲ್ಕೂ ಗೊರಸು ಎತ್ತಿ ನೋಡಿದ, ಕೀಲು ಒತ್ತಿದ, ಮೂಸಿದ. ಏನೂ ಸಿಗಲಿಲ್ಲ. "ಸರಿ, ನಡೆಸು ನೋಡೋಣ. ನೆಟ್ಟಗೆ ನಡೆದರೆ ಬದುಕ್ತು" ಎಂದು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತ.

ಮೊಲ್ದಾಲಿ ಲಗಾಮು ಹಿಡಿದು ನಡೆದ. ಹೊಳೆಯ ಕಡೆಯಿಂದ ಮಂಜು ಏರಿ ಬರುತ್ತಿತ್ತು. ಮೊದಲು ಗೊರಸು ಮುಳುಗಿತು, ಆಮೇಲೆ ಮೊಣಕಾಲು. ಕುದುರೆಯ ಬಿಸಿಯುಸಿರು ಭುಜಕ್ಕೆ ತಾಗುತ್ತಿತ್ತು. ಹೀಗೆ ನಡೆಯುತ್ತ ನಡೆಯುತ್ತ ಅವನಿಗೆ ಒಂದು ಮಂಪರು ಕವಿಯುವುದಿತ್ತು. ತಾನು ನಡೆಯುತ್ತಿಲ್ಲ, ಬೂರುಲ್‌ನ ಬೆನ್ನ ಮೇಲಿದ್ದೇನೆ. ಕೆಳಗೆ ನೆಲವೇ ಇಲ್ಲ, ಮಂಜಿನ ಮೇಲೇ ತೇಲಿ ಹೋಗುತ್ತಿದ್ದೇವೆ. ಬಲೆ ಜಗ್ಗುವವನು ಎಲ್ಲೋ ದಡದಲ್ಲಿ ನಿದ್ದೆಹೋಗಿದ್ದಾನೆ. ಇವತ್ತೂ ಹಾಗೇ ಆಯಿತು. ಕುದುರೆಯ ಜೀವ ತನ್ನ ಕೈಯಲ್ಲಿದೆ ಎನ್ನುವುದೂ ಒಂದು ಗಳಿಗೆ ಮರೆತುಹೋಯಿತು.

"ನಿಲ್ಲೋ!"

ತಿರುಗಿದ. ಅಣ್ಣ ಎದ್ದು ನಿಂತಿದ್ದ. "ಕುಂಟಿಲ್ಲ ಅಂದ್ಯಲ್ಲ? ಹೆಜ್ಜೆಹೆಜ್ಜೆಗೂ ಕುಂಟು ಕುದುರೆ ಥರ ತಲೆ ತಗ್ಗಿಸ್ತಿದೆ!"

ಮೊಲ್ದಾಲಿ ಬಗ್ಗಿ ಕುದುರೆಯ ಕಾಲು ನೋಡಿದ. ಸುಳ್ಳು ಹೇಳಿ ಹೇಳಿ ಅದೇ ನಿಜವಾಗಿಹೋಯಿತೇ?

ಎಸೆನ್‌ಕುಲ್ ಮಾತ್ರ ಕಣ್ಣು ಕಿರಿದು ಮಾಡಿ, ಕುದುರೆಯ ಕಾಲನ್ನೊಮ್ಮೆ, ತಮ್ಮನ ಕಾಲನ್ನೊಮ್ಮೆ ನೋಡಿದ. ಗುಡಾರದ ಬಾಗಿಲಲ್ಲಿ ಹಾಲಿನ ಬಕೆಟ್ಟು ಹಿಡಿದು ನಿಂತಿದ್ದ ತಮ್ಮನ ಹೆಂಡತಿಯನ್ನು ಕೂಗಿದ. "ಬುರ್ಮಾಕನ್, ನೀನು ಸ್ವಲ್ಪ ಹಿಡಿಯಮ್ಮಾ ಇದನ್ನ."

ಅವಳು ಬಕೆಟ್ಟು ಇಟ್ಟು ಬಂದು ಲಗಾಮು ಹಿಡಿದು ನಡೆದಳು. ಬೂರುಲ್ ಅವಳ ಹಿಂದೆ ನೀರು ಹರಿದ ಹಾಗೆ ನಡೆಯಿತು.

"ಈಗ ನೀನು ಹಿಡಿ."

ಮೊಲ್ದಾಲಿ ಹಿಡಿದ. ಅವನ ಎಡಗಾಲು ನೆಲಕ್ಕೆ ಊರುವ ಮುನ್ನ ಅರೆಗಳಿಗೆ ತಡೆಯಿತು. ಪಕ್ಕದಲ್ಲಿ ಕುದುರೆಯೂ ತಡೆದು, ತಲೆ ತಗ್ಗಿಸಿ, ಅವನು ಹೆಜ್ಜೆಯಿಟ್ಟ ಮೇಲೆ ತಾನೂ ಇಟ್ಟಿತು.

"ಎಲ್ಲಿ ನೋಯ್ತಿದೆಯೋ?" ಎಂದ ಎಸೆನ್‌ಕುಲ್ ಕೊನೆಗೆ, ಧ್ವನಿ ತಗ್ಗಿಸಿ.

ಮೊಲ್ದಾಲಿ ಸೊಂಟದ ಪಟ್ಟಿಯ ಕೆಳಗೆ ಕೈ ಇಟ್ಟ. "ಆಪರೇಷನ್ ಆದಾಗಿನಿಂದ. ನೀನು ಕುರಿ ಕೊಯ್ದು ಊಟ ಬೇರೆ ಹಾಕಿದ್ದೆ..."

"ಹಾಳಾಗಿ ಹೋಗಲಿ ಕುರಿ! ತಿಂದವರಿಗೆ ಅರಗಿ ವರ್ಷವಾಯ್ತು. ನಿನಗೆ ಅರಗಲಿಲ್ಲವಾ?"

"ನನಗೆ ಗೊತ್ತಿತ್ತು ಭಾವ" ಎಂದಳು ಬುರ್ಮಾಕನ್, ಗಂಡನ ಕಡೆ ನೋಡದೆ. "ನಿದ್ದೆಯಲ್ಲಿ ನರಳ್ತಾರೆ. ಬಾಯಿಬಿಟ್ಟು ಹೇಳಲಿ ಅಂತ ಕಾದೆ. ಕುದುರೆ ಹತ್ತಿರ ಹೇಳ್ಕೊಂಡಿದ್ದಾರೆ, ನೋಡಿ." ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಎಸೆನ್‌ಕುಲ್ ಗಡ್ಡ ಕೆರೆದುಕೊಂಡ. "ನಡಿ, ನೀರು ಕುಡಿಸ್ಕೊಂಡು ಬರೋಣ." ತನ್ನ ಕುದುರೆಯ ರಿಕಾಪಿಗೆ ಕಾಲಿಡಲು ಹೋದವನು, ಯಾಕೋ ಕಾಲು ತೆಗೆದ. ಲಗಾಮು ಕೈಗೆ ಸುತ್ತಿಕೊಂಡು ತಮ್ಮನ ಪಕ್ಕಕ್ಕೆ ಬಂದ. ನಡೆದು ಅಭ್ಯಾಸವಿಲ್ಲದ ಬಿಲ್ಲುಗಾಲಲ್ಲಿ ಎಡವುತ್ತ, ತಮ್ಮನ ಹೆಜ್ಜೆ ಎಲ್ಲಿ ತಡೆಯುತ್ತದೋ ಅಲ್ಲಿ ತಾನೂ ತಡೆಯುತ್ತ, ಇಳಿಜಾರಿನಲ್ಲಿ ಇಳಿದ.

ಹೊಳೆಯ ಆಚೆಯಿಂದ, ಮಂಜಿನೊಳಗಿದ್ದ ಸವಾರನೊಬ್ಬ ಕೂಗಿದ. "ಓಹೋಯ್! ಏನಪ್ಪಾ, ಎರಡೂ ಕುದುರೆ ಕುಂಟೇ?"

ಎಸೆನ್‌ಕುಲ್ ತಮ್ಮನ ಮುಖ ನೋಡಿದ. ಆಮೇಲೆ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿ ಹೇಳಿದ. "ಹೂಂ ಕಣಯ್ಯಾ! ಎರಡೂ!"