ಏಳೆಂಟ್ಲೆ ಎಷ್ಟು?

ಹುಟ್ಟಿದ ಮಕ್ಕಳ ಕಿವಿಗೆಲ್ಲ ಸರ್ಕಾರ ಲೆಕ್ಕದ ಗುಂಡಿ ಕೂರಿಸತೊಡಗಿದ ಮೇಲೆ ನಾಡಿನಲ್ಲಿ ತಪ್ಪು ಉತ್ತರವೇ ನಿಂತುಹೋಗಿತ್ತು. ಆದರೂ ಹಳೆಯ ಆದೇಶವೊಂದು ರದ್ದಾಗದೆ ಉಳಿದದ್ದರಿಂದ, ಕಾಲೇಜಿನ ಗಣಿತ ಪ್ರಾಧ್ಯಾಪಕಿ ನೀಲಗಂಗಾ ಪ್ರತಿ ಶನಿವಾರ ಊರ ಶಾಲೆಗೆ ಬಂದು, ಗುಂಡಿ ಪಿಸುಗುಟ್ಟಿದ್ದನ್ನೇ ಗಂಭೀರವಾಗಿ ಬೋಧಿಸಿ ಹೋಗುತ್ತಿದ್ದರು.

ಅಂದು "ಏಳೆಂಟ್ಲೆ ಎಷ್ಟು?" ಎಂದು ಅವರು ಕೇಳಿದಾಗ ಪುಟ್ಟ ಶಾಹಿದಾ, "ಐವತ್ನಾಕ್ರಿ" ಎಂದಳು. ಅವಳ ಗುಂಡಿ ಕೆಟ್ಟಿತ್ತು, ಬೆರಳೆಣಿಸಿದ್ದಳು.

"ಈಗಿಂದೀಗ ರಿಪೇರಿಗೆ ಕಳಸ್ತೀನ್ರಿ ಮೇಡಂ," ಎಂದು ಹೆಡ್‌ಮಾಸ್ತರರು ಗಾಬರಿಬಿದ್ದರು.

"ಗುಂಡೀನೋ, ಹುಡುಗೀನೋ?"

"ಎರಡನ್ನೂ ರೀ."

ಅದೇಕೆ ತಪ್ಪೆಂದು ವಿವರಿಸಲು ನೀಲಗಂಗಾ ಬಾಯಿ ತೆರೆದರು. ಗುಂಡಿ ಉತ್ತರವನ್ನಷ್ಟೇ ಹೇಳಿತು. ಡಾಕ್ಟರೇಟ್ ಬೆವರಿತು. ಅವರು ತಮ್ಮ ಗುಂಡಿ ಕಿತ್ತಿಟ್ಟು, ಹುಡುಗಿಯ ಪಕ್ಕ ನೆಲಕ್ಕೆ ಕುಳಿತು ಬೆರಳು ಮಡಿಸತೊಡಗಿದರು. ಐವತ್ತೈದು ಬಂತು.

"ಮತ್ತೊಮ್ಮೆ ಎಣಸೂಣೇನ್ರಿ?" ಎಂದಳು ಶಾಹಿದಾ.

"ತಡಿಯವ್ವ," ಎಂದರು ನೀಲಗಂಗಾ. "ನನ್ನ ಸ್ವಂತ ಉತ್ತರ ಇದೇ ಮೊದಲು. ಇನ್ನೊಂಚೂರು ನೋಡ್ಕೋತೀನಿ."