ಟಾಯ್ಲೆಟ್ ಗೋಡೆಯ ಹುಟ್ಟುಹಬ್ಬ

ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಕಳಿಸಿದ ನಾಲ್ಕು ಸಾಲು, ಹತ್ತು ಗಂಟೆಗೆ ಹೂಗುಚ್ಛ ಹಿಡಿದುಕೊಂಡು ತನ್ನ ತಾಯಿಯ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆಂದು ರೆನ್ಸ್ಕೆ ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪಿಂಗೆದಾಮ್ ಊರಿಗೆ ಹೊಸದಾಗಿ ಬಂದು ಡಚ್ ಕಲಿಯುತ್ತಿದ್ದ ಹನ್ನೊಂದು ಮಂದಿಗೆ ಅವಳು ದಿನಕ್ಕೊಂದು ಚುಟುಕು ಬರಹ ಕಳಿಸುತ್ತಿದ್ದಳು. ಒಂದು ದಿನ ಒಂದು ಮಾತು, ಮರುದಿನ ಊರಿನ ಹಳೆಯ ಕಥೆ, ಇನ್ನೊಂದು ದಿನ ಯಾವುದಾದರೂ ರೂಢಿ. ಇವತ್ತಿನದು ಹೀಗಿತ್ತು: "ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಕರೆಯಲಿ ಎಂದು ಕಾಯಬೇಡಿ. ಟಾಯ್ಲೆಟ್ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ನೇರವಾಗಿ ಹೋಗಿ. ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಮನೆಯವರಿಗೆಲ್ಲ ಕೈ ಕುಲುಕಿ ಶುಭಾಶಯ ಹೇಳಿ."

ಪಾಠ ನಡೆಯುವುದು ಅವಳ ತಾಯಿ ಫೆಮ್ಮಿಯ ಅಡಿಗೆಮನೆಯಲ್ಲಿ. ಹನ್ನೊಂದು ಮಂದಿಯೂ ಆ ಮನೆಯ ಟಾಯ್ಲೆಟ್‌ಗೆ ಹೋಗಿಬಂದವರೇ. ಊರಿನ ಎಲ್ಲರ ಮನೆಯಂತೆ ಅಲ್ಲಿನ ಗೋಡೆಗೂ ನೆಂಟರಿಷ್ಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರು; ಅದಕ್ಕೆ ವರ್ಷವಿಲ್ಲ, ವಾರವಿಲ್ಲ, ಬರೀ ತಾರೀಖು. ಒಮ್ಮೆ ಬರೆದ ಹೆಸರು ಆ ಮನುಷ್ಯ ಹೋದಮೇಲೂ ಹಾಗೇ ಉಳಿಯುತ್ತದೆ. ಇವತ್ತಿನ ತಾರೀಖಿನ ಎದುರಿಗಿದ್ದ ಹೆಸರು ಬೆರೆಂಟ್, ಎರಡು ವರ್ಷದ ಹಿಂದೆ ತೀರಿಕೊಂಡ ರೆನ್ಸ್ಕೆಯ ಅಪ್ಪ. ಅಂದಿನಿಂದ ಆ ಮನೆಯಲ್ಲಿ ಯಾರೂ ಅವನ ಸುದ್ದಿ ಎತ್ತುವಂತಿರಲಿಲ್ಲ. ಹೋದ ವರ್ಷ ಇದೇ ದಿನ ಫೆಮ್ಮಿ ಹಾಡುಹಗಲೇ ಪರದೆ ಎಳೆದು, ಫೋನೂ ಎತ್ತದೆ ಮಲಗಿಬಿಟ್ಟಿದ್ದಳು. ಈ ವರ್ಷ ಮಗಳಿಗೆ ಆ ತಾರೀಖೇ ಮರೆತುಹೋಗಿತ್ತು.

ಬಾಗಿಲ ಗಂಟೆ ಬಾರಿಸಿತು. ಪಾಠಕ್ಕೆಂದು ಪುಸ್ತಕ ಜೋಡಿಸುತ್ತಿದ್ದ ರೆನ್ಸ್ಕೆ ಏಳುವಷ್ಟರಲ್ಲಿ ಫೆಮ್ಮಿ ಬಾಗಿಲು ತೆಗೆದಾಗಿತ್ತು. ಎದುರಿಗೆ ಇಸ್ತ್ರಿ ಹಾಕಿದ ಅಂಗಿಯಲ್ಲಿ ಸಿರಿಯಾದ ನಿಝಾರ್, ಅವನ ಹಿಂದೆ ಕೇಕ್ ಹಿಡಿದ ಪೋಲೆಂಡಿನ ದೊರೊತಾ, ಅವಳ ಹಿಂದೆ ಮಿಕ್ಕ ಒಂಬತ್ತು ಮಂದಿಯ ಸಾಲು.

"ಅಮ್ಮಾ, ನಿಮ್ಮ ಯಜಮಾನ್ರ ಹುಟ್ಟುಹಬ್ಬಕ್ಕೆ ನಿಮಗೆ ಶುಭಾಶಯ!" ಎಂದು ನಿಝಾರ್ ಅವಳ ಕೈ ಹಿಡಿದು ನೀರು ಸೇದುವವನಂತೆ ಅಲ್ಲಾಡಿಸಿದ. ದೊರೊತಾ ಕುಲುಕಿದಳು. ಉಳಿದ ಒಂಬತ್ತೂ ಮಂದಿ ಕುಲುಕಿದರು. ಆಮೇಲೆ ಎಲ್ಲರೂ ಅಲ್ಲಿಯ ರೂಢಿಯಂತೆ ಕೈ ಮೇಲೆತ್ತಿ, ಹನ್ನೊಂದು ಧಾಟಿಯಲ್ಲಿ, ಹುಟ್ಟುಹಬ್ಬದ ಹಾಡು ಹಾಡಿದರು. ಎದುರುಮನೆಯ ಬೆಕ್ಕು ಓಡಿಹೋಯಿತು.

ರೆನ್ಸ್ಕೆಗೆ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು. ಆ ಅಡಿಗೆಮನೆ ಕಾಲುವೆಯ ನೀರಿನ ಮೇಲೆಯೇ ಚಾಚಿಕೊಂಡಿದ್ದರಿಂದ ಅದೇನೂ ಕಷ್ಟವಿರಲಿಲ್ಲ. ಅಮ್ಮನಿಗೆ ಏನಾಗಿಹೋಗುತ್ತದೋ ಎಂಬ ಭಯ ಒಂದು ಕಡೆ, ಅಪ್ಪನನ್ನು ಮರೆತೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಅವಳು ಗೋಡೆಗೆ ಒರಗಿ ನಿಂತೇಬಿಟ್ಟಳು.

"ಯಜಮಾನ್ರು ಎಲ್ಲಿ ಅಮ್ಮಾ? ಅವರಿಗೂ ಒಂದ್ಸಲ ಹೇಳ್ಬಿಡ್ತೀವಿ," ಎಂದು ನಿಝಾರ್ ಒಳಗೆ ಇಣುಕಿದ.

"ಅವನು ಸತ್ತು ಎರಡು ವರ್ಷ ಆಯ್ತಪ್ಪ," ಎಂದಳು ಫೆಮ್ಮಿ.

ದೊರೊತಾಳ ಕೇಕು ವಾಲಿತು. ನಿಝಾರ್ ಗಾಬರಿಯಿಂದ ಫೋನು ತೆಗೆದು ಬೆಳಗಿನ ನಾಲ್ಕೂ ಸಾಲನ್ನು ಮೇಲಿಂದ ಕೆಳಕ್ಕೆ ಓದಿದ, ಕೆಳಗಿಂದ ಮೇಲಕ್ಕೂ ಹುಡುಕಿದ. "ಅಮ್ಮಾ, ತೀರಿಕೊಂಡಿದ್ರೆ ಏನ್ಮಾಡ್ಬೇಕು ಅಂತ ಇದ್ರಲ್ಲಿ ಬರ್ದೇ ಇಲ್ಲ," ಎಂದು ಅಳುವ ದನಿಯಲ್ಲಿ ಹೇಳಿದ.

ಫೆಮ್ಮಿಯ ಮೂಗಿನಿಂದ ಪುಸಕ್ಕನೆ ಒಂದು ಸದ್ದು ಬಂತು. ಎರಡು ವರ್ಷದಲ್ಲಿ ಆ ಸದ್ದು ಕೇಳಿರದಿದ್ದ ರೆನ್ಸ್ಕೆಗೆ ಅದು ನಗುವೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಬರ್ದಿಲ್ವಾ? ನಿಮ್ಮ ಟೀಚರಮ್ಮನಿಗೇ ಗೊತ್ತಿಲ್ಲ, ಇನ್ನೇನು ಬರೀತಾಳೆ! ಬನ್ನಿ ಒಳಗೆ. ಬಾಗಿಲು ತೆಗೆದಿಟ್ಟು ಮನೆಯ ಹೀಟರಿನಿಂದ ಬೀದೀನೆಲ್ಲ ಬಿಸಿ ಮಾಡೋಕೆ ನಾನೇನು ರಾಣೀನಾ?"

ಒಳಗೆ ಗಲಿಬಿಲಿಯೋ ಗಲಿಬಿಲಿ. ಕುರ್ಚಿ ಸಾಲದೆ ಏಣಿ ಬಂತು, ಕಾಲುಮಣೆ ಬಂತು, ಮಗುಚಿಟ್ಟ ಬಕೆಟ್ಟೂ ಬಂತು. ಎಲ್ಲರೂ ದುಂಡಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಫೆಮ್ಮಿ ಬಿಸ್ಕತ್ತಿನ ಡಬ್ಬಿ ಹಿಡಿದು ಸುತ್ತ ಬಂದಳು. ತಲೆಗೊಂದು, ಆಮೇಲೆ ಮುಚ್ಚಳ. ನಿಝಾರ್ ಎರಡನೆಯದಕ್ಕೆ ಕೈ ಚಾಚಿದಾಗ ಡಬ್ಬಿ ಅವನ ಬೆರಳಿನ ಮೇಲೆಯೇ ಟಪ್ಪೆಂದು ಮುಚ್ಚಿತು. "ಬೆರೆಂಟನೂ ಹಿಂಗೇ ಕಣಯ್ಯಾ, ಜಿಪುಣಿ ಜಿಪುಣಿ ಅಂತ ನನ್ನ ಬೈಕೊಂಡೇ ಕದೀತಿದ್ದ," ಎಂದಳು.

ಹೆಸರು ಹೊರಗೆ ಬಂದಿತ್ತು. ಆಮೇಲೆ ಅವಳನ್ನು ತಡೆಯುವವರೇ ಇಲ್ಲ. ಹಾವುಮೀನು ಹಿಡಿದು ತೋರಿಸುತ್ತೇನೆಂದು ಬೆರೆಂಟ್ ಇದೇ ಕಿಟಕಿಯಿಂದ ಬಗ್ಗಿ ಕಾಲುವೆಗೆ ಬಿದ್ದದ್ದು, ಮೀನಿಗೆ ಬದಲು ನೆರೆಮನೆಯವನ ಚಡ್ಡಿ ಹಿಡಿದುಕೊಂಡು ಮೇಲೆ ಬಂದದ್ದು ಎಲ್ಲ ಹೇಳಿದಳು. ಅರ್ಧ ಅರ್ಥವಾದವರು ನಕ್ಕರು, ಅರ್ಥವಾಗದವರು ಅವರನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಹಲಗೆಯ ನೆಲ ಕಿರುಗುಟ್ಟಿತು. "ಮೆಲ್ಲಗೆ ನಗ್ರೋ! ನೆಲ ಮುರಿದ್ರೆ ಎಲ್ಲರೂ ಒಟ್ಟಿಗೆ ಅವನ ಹತ್ರ ಹೋಗ್ಬೇಕಾಗುತ್ತೆ!" ಎಂದು ಫೆಮ್ಮಿ ಕೂಗಿದಳು.

ರೆನ್ಸ್ಕೆ ತಲೆ ತಗ್ಗಿಸಿಕೊಂಡು ಕಾಫಿ ಹಂಚುತ್ತ ಬಂದಳು. ಸಂತೋಷವೇನೋ ಆಗಿತ್ತು, ಆದರೆ ತಾಯಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಫೆಮ್ಮಿ ತನ್ನ ಬಟ್ಟಲು ತೆಗೆದುಕೊಳ್ಳಲಿಲ್ಲ. ಮಗಳ ಮುಂದೆ ಬರಿಗೈ ಚಾಚಿದಳು.

"ಎಲ್ಲೆಲ್ಲಿಂದಲೋ ಬಂದ ಹನ್ನೊಂದು ಜನ ಕೈ ಕುಲುಕಿದ್ರು ಕಣೇ. ನೀನೊಬ್ಬಳೇ ಬಾಕಿ."